ಫ್ಲ್ಯಾಶ್ ಮೀಟರ್: ಕ್ಷಣದಲ್ಲಿ ಮುಗಿಯುವ ಬೆಳಕನ್ನು ಅಳೆಯಲು ಕಲಿತದ್ದು ಹೇಗೆ? ಫೋನಿನ ಆಪ್ ಆ ಕೆಲಸ ಮಾಡುತ್ತದೆಯೇ?

ಫೋಟೋ ತೆಗೆಯುವವರ ನಡುವೆ ಓಡಾಡುವ ಮೂರು ಮಾತುಗಳನ್ನು ನೀವೂ ಕೇಳಿರುತ್ತೀರಿ.

ಒಂದು: "ಫೋನಿನಲ್ಲಿ ಉಚಿತ ಲೈಟ್ ಮೀಟರ್ ಆಪ್ ಹಾಕಿಕೊಂಡರೆ ಸಾಕು, ಸಾವಿರಾರು ರೂಪಾಯಿಯ ಫ್ಲ್ಯಾಶ್ ಮೀಟರ್ ದಂಡ."

ಎರಡು: "ಫ್ಲ್ಯಾಶ್ ಆನ್ ಮಾಡಿದರೆ ಕತ್ತಲಲ್ಲಿ ಎಷ್ಟು ದೂರದ್ದು ಬೇಕಾದರೂ ತೆಗೆಯಬಹುದು."

ಮೂರು: "ಕ್ಯಾಮೆರಾ ಸುಳ್ಳು ಹೇಳುವುದಿಲ್ಲ. ಫೋಟೋದಲ್ಲಿ ಮುಖ ಕಪ್ಪಗೆ ಬಂದಿದ್ದರೆ ಮುಖದ ಬಣ್ಣವೇ ಹಾಗೆ."

ಈ ಮೂರೂ ತಪ್ಪು. ಮೂರನೆಯದಂತೂ ತಪ್ಪಿನ ಜೊತೆಗೆ ಮನಸ್ಸನ್ನೂ ನೋಯಿಸುವ ಮಾತು. ಯಾಕೆ ತಪ್ಪು ಎಂದು ತಿಳಿಯಬೇಕಾದರೆ ಅಂಗೈಯಲ್ಲಿ ಹಿಡಿಯುವ ಒಂದು ಚಿಕ್ಕ ಉಪಕರಣದ ಕಥೆ ತಿಳಿಯಬೇಕು. ಅದೇ ಫ್ಲ್ಯಾಶ್ ಮೀಟರ್.

ಚುಟುಕಾಗಿ ಉತ್ತರ

ಫ್ಲ್ಯಾಶ್ ಮೀಟರ್ ಎಂದರೆ, ಫ್ಲ್ಯಾಶ್ ಮಿಂಚಿದಾಗ ಒಂದು ಜಾಗದ ಮೇಲೆ ಒಟ್ಟು ಎಷ್ಟು ಬೆಳಕು ಬಿತ್ತು ಎಂದು ಅಳೆದು, ಕ್ಯಾಮೆರಾದಲ್ಲಿ ಯಾವ ಅಪರ್ಚರ್ ಇಡಬೇಕೆಂದು ಹೇಳುವ ಉಪಕರಣ. ಅದು ಮುಖದಿಂದ, ಬಟ್ಟೆಯಿಂದ ಪುಟಿದು ಬರುವ ಬೆಳಕನ್ನು ನೋಡುವುದಿಲ್ಲ. ಮುಖದ ಮೇಲೆ ಬೀಳುವ ಬೆಳಕನ್ನು ಅಳೆಯುತ್ತದೆ. ಹಾಗಾಗಿ ಎದುರಿಗಿರುವವರು ಬೆಳ್ಳಗಿದ್ದಾರೋ ಕಪ್ಪಗಿದ್ದಾರೋ, ಬಿಳಿ ಪಂಚೆ ಉಟ್ಟಿದ್ದಾರೋ ಕರಿ ಕೋಟು ಹಾಕಿದ್ದಾರೋ ಎಂಬುದು ಅದರ ಲೆಕ್ಕವನ್ನು ಕೆಡಿಸುವುದಿಲ್ಲ. ಫೋನಿನ ಸಾಮಾನ್ಯ ಆಪ್‌ಗಳು ಈ ಕೆಲಸ ಮಾಡಲಾರವು.

ಫ್ಲ್ಯಾಶ್ ಅಳೆಯುವುದು ಯಾಕೆ ಕಷ್ಟ?

ಬಿಸಿಲು, ಟ್ಯೂಬ್‌ಲೈಟ್, ಛತ್ರದ ಸೀರಿಯಲ್ ಸೆಟ್ ಇವೆಲ್ಲ ನಿಂತ ಬೆಳಕು. ಮೀಟರ್ ಹಿಡಿದು ನಿಧಾನವಾಗಿ ಓದಿಕೊಳ್ಳಬಹುದು. ಎಲೆಕ್ಟ್ರಾನಿಕ್ ಫ್ಲ್ಯಾಶ್ ಹಾಗಲ್ಲ. ಪೂರ್ತಿ ಶಕ್ತಿಯಲ್ಲಿ ಅದರ ಮಿಂಚು ಸಾಮಾನ್ಯವಾಗಿ ಸೆಕೆಂಡಿನ 1000ದ ಒಂದು ಭಾಗದ ಆಸುಪಾಸು ಇರುತ್ತದೆ. ಶಕ್ತಿ ತಗ್ಗಿಸಿದರೆ 10,000ದ ಒಂದು ಭಾಗಕ್ಕೂ ಇಳಿಯುತ್ತದೆ. ಕಣ್ಣಿನ ರೆಪ್ಪೆ ಒಮ್ಮೆ ಬಡಿಯುವುದಕ್ಕೆ ಕನಿಷ್ಠ ಸೆಕೆಂಡಿನ 10ರ ಒಂದು ಭಾಗವಾದರೂ ಬೇಕು.

ಇನ್ನೊಂದು ತೊಡಕೂ ಇದೆ. ಬಿಸಿಲಿನಲ್ಲಿ ಬೆಳಕು ಹೆಚ್ಚಾದರೆ ಶಟರ್ ವೇಗ ಹೆಚ್ಚಿಸಿ ಸರಿಮಾಡಬಹುದು. ಮಾಮೂಲಿ ಫ್ಲ್ಯಾಶ್‌ನಲ್ಲಿ ಅದು ನಡೆಯದು. ಶಟರ್ ತೆರೆದಿರುವ ಹೊತ್ತಿನೊಳಗೇ ಫ್ಲ್ಯಾಶ್ ಮಿಂಚಿ ಮುಗಿದಿರುತ್ತದೆ. ಶಟರ್ ಇನ್ನಷ್ಟು ಹೊತ್ತು ತೆರೆದಿದ್ದರೂ ಫ್ಲ್ಯಾಶ್ ಬೆಳಕು ಹೆಚ್ಚಾಗುವುದಿಲ್ಲ. ಸರಿಮಾಡಲು ಉಳಿಯುವುದು ನಾಲ್ಕೇ ದಾರಿ: ಅಪರ್ಚರ್, ಐಎಸ್‌ಒ, ಫ್ಲ್ಯಾಶ್‌ನ ಶಕ್ತಿ ಮತ್ತು ಫ್ಲ್ಯಾಶ್ ಇಟ್ಟ ದೂರ.

ಇಂದು ಫೋಟೋ ತೆಗೆದ ತಕ್ಷಣ ಪರದೆಯಲ್ಲಿ ನೋಡುತ್ತೇವೆ. ರೀಲಿನ ಕಾಲದಲ್ಲಿ ಅದಿರಲಿಲ್ಲ. ಕುಣಿಗಲ್ಲಿನದೋ ಗುಬ್ಬಿಯದೋ ಒಂದು ಮದುವೆ ಎಂದುಕೊಳ್ಳಿ. ಒಂದು ರೀಲಿಗೆ 36 ಫೋಟೋ. ರೀಲು ಲ್ಯಾಬಿಗೆ ಹೋಗಿ ತೊಳೆದು ಬಂದ ಮೇಲೆಯೇ ಸತ್ಯ ಗೊತ್ತಾಗುವುದು. ಅಷ್ಟರಲ್ಲಿ ಧಾರೆ ಮುಗಿದಿರುತ್ತದೆ, ಚಪ್ಪರ ಬಿಚ್ಚಿರುತ್ತಾರೆ. ಮಾಂಗಲ್ಯ ಕಟ್ಟುವ ಗಳಿಗೆಯನ್ನು "ಇನ್ನೊಂದ್ಸಲ ಮಾಡಿ" ಎನ್ನಲು ಬರುವುದಿಲ್ಲ. ಫ್ಲ್ಯಾಶ್ ಬೆಳಕನ್ನು ಮೊದಲೇ ಅಳೆಯುವ ಅಗತ್ಯ ಹುಟ್ಟಿದ್ದು ಇಂಥ ಕಡೆ.

ಪುಡಿ, ಬಲ್ಬು ಮತ್ತು ಗೈಡ್ ನಂಬರ್

ಕತ್ತಲಲ್ಲಿ ಫೋಟೋ ತೆಗೆಯಲು ಮೊದಲು ಬಳಸಿದ್ದು ಮೆಗ್ನೀಸಿಯಂ ಲೋಹ. ಅದನ್ನು ಉರಿಸಿದರೆ ಪ್ರಖರವಾದ ಬಿಳಿ ಬೆಳಕು ಬರುತ್ತದೆ. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಟೆ ಮತ್ತು ಯೊಹಾನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಫ್ಲ್ಯಾಶ್ ಪುಡಿ ತಯಾರಿಸಿದರು. ದೀಪಾವಳಿಯ ಮದ್ದಿನಂತೆ ಅದು ಭಗ್ಗೆಂದು ಉರಿದು ಕೋಣೆ ತುಂಬ ಹೊಗೆ ಬಿಡುತ್ತಿತ್ತು. ಸುಟ್ಟ ಗಾಯಗಳೂ ಆಗುತ್ತಿದ್ದವು. ಎಷ್ಟು ಪುಡಿ ಹಾಕಬೇಕು ಎಂಬುದು ಅನುಭವದ ಅಂದಾಜು, ಅಡುಗೆಗೆ ಉಪ್ಪು ಹಾಕಿದ ಹಾಗೆ.

1929ರ ಸುಮಾರಿಗೆ ಜರ್ಮನಿಯಲ್ಲಿ ಫ್ಲ್ಯಾಶ್ ಬಲ್ಬ್ ಮಾರಾಟಕ್ಕೆ ಬಂತು. ಗಾಜಿನ ಬುರುಡೆಯೊಳಗೆ ತೆಳುವಾದ ಲೋಹದ ಹಾಳೆ ಅಥವಾ ಎಳೆ, ಸುತ್ತ ಆಮ್ಲಜನಕ. ವಿದ್ಯುತ್ ಹರಿಸಿದರೆ ಒಂದು ಸಲ ಉರಿದು ಮುಗಿಯುತ್ತದೆ. ಹೊಗೆ ಇಲ್ಲ, ಬೆಂಕಿಯ ಭಯ ಕಡಿಮೆ. 1931ರಲ್ಲಿ ಅಮೆರಿಕದ ಎಂಐಟಿಯ ಹೆರಾಲ್ಡ್ ಎಜರ್ಟನ್ ಮತ್ತೆ ಮತ್ತೆ ಮಿಂಚಬಲ್ಲ ಎಲೆಕ್ಟ್ರಾನಿಕ್ ಫ್ಲ್ಯಾಶ್ ಅನ್ನು ಫೋಟೋಗ್ರಫಿಗೆ ಒಗ್ಗಿಸಿದರು. ಇಂದಿನ ಸ್ಟುಡಿಯೋ ಫ್ಲ್ಯಾಶ್‌ಗಳು ಅದೇ ದಾರಿಯಲ್ಲಿ ಬಂದವು.

ಬಲ್ಬುಗಳ ಕಾಲದಲ್ಲಿ ಅಂದಾಜಿನ ಜಾಗಕ್ಕೆ ಒಂದು ಲೆಕ್ಕ ಬಂತು. ಅದರ ಹೆಸರು ಗೈಡ್ ನಂಬರ್. ಬಲ್ಬಿನ ಪೊಟ್ಟಣದ ಮೇಲೋ ಫ್ಲ್ಯಾಶ್‌ನ ಬೆನ್ನಿಗೋ ಇದನ್ನು ಅಚ್ಚು ಹಾಕಿರುತ್ತಿದ್ದರು. ಈ ಸಂಖ್ಯೆಯನ್ನು ದೂರದಿಂದ ಭಾಗಿಸಿದರೆ ಬೇಕಾದ ಅಪರ್ಚರ್ ಸಿಗುತ್ತದೆ. ಒಂದು ಫ್ಲ್ಯಾಶ್‌ನ ಗೈಡ್ ನಂಬರ್ ಐಎಸ್‌ಒ 100ಕ್ಕೆ ಮೀಟರ್ ಲೆಕ್ಕದಲ್ಲಿ 32 ಎಂದುಕೊಳ್ಳಿ. ವ್ಯಕ್ತಿ 2 ಮೀಟರ್ ದೂರದಲ್ಲಿದ್ದರೆ ಎಫ್ 16. 4 ಮೀಟರ್ ದೂರದಲ್ಲಿದ್ದರೆ ಎಫ್ 8. 8 ಮೀಟರ್ ಆದರೆ ಎಫ್ 4.

ಇದರ ಹಿಂದಿರುವುದು ಶಾಲೆಯಲ್ಲಿ ಓದಿದ ವಿಲೋಮ ವರ್ಗ ನಿಯಮ. ದೂರ ಎರಡು ಪಟ್ಟಾದರೆ ಬೆಳಕು ಅರ್ಧಕ್ಕಿಳಿಯುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ದೂರ ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗ.

ಎರಡನೇ ತಪ್ಪು ಮಾತಿಗೆ ಉತ್ತರ ಇಲ್ಲೇ ಇದೆ. ಶಿಂಷಾ ನದಿಗೆ ಕಟ್ಟಿರುವ ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿದಾಗ ಜನ ಸಂಜೆ ಹೊತ್ತಿನಲ್ಲೂ ನೋಡಲು ಹೋಗುತ್ತಾರೆ. ಕತ್ತಲಾದ ಮೇಲೆ ದೂರದ ಅಣೆಕಟ್ಟೆಯ ಕಡೆ ಫೋನ್ ಹಿಡಿದು ಫ್ಲ್ಯಾಶ್ ಹಾಕಿದರೆ ಏನಾಗುತ್ತದೆ? 2 ಮೀಟರ್ ದೂರದ ಗೆಳೆಯನ ಮುಖಕ್ಕೆ ಸಿಗುವ ಬೆಳಕಿಗೆ ಹೋಲಿಸಿದರೆ, 100 ಮೀಟರ್ ದೂರದ ಕಟ್ಟೆಗೆ ತಲುಪುವುದು 2500ರ ಒಂದು ಭಾಗ. ಅಲ್ಲಿ ಫ್ಲ್ಯಾಶ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹತ್ತಿರದ ತುಂತುರು ಹನಿ, ಹುಳ, ದೂಳು ಮಾತ್ರ ಬೆಳ್ಳಗೆ ಹೊಳೆಯುತ್ತವೆ.

ಗೈಡ್ ನಂಬರಿಗೂ ಮಿತಿಗಳಿದ್ದವು. ಒಂದೇ ಫ್ಲ್ಯಾಶ್ ಮುಖಕ್ಕೆ ನೇರವಾಗಿದ್ದರೆ ಲೆಕ್ಕ ಸುಲಭ. ಅದನ್ನು ಕೊಡೆಗೆ ಹೊಡೆದು ಹಿಂದಕ್ಕೆ ತಿರುಗಿಸಿದರೆ, ಗೋಡೆಗೋ ಸೂರಿಗೋ ಪುಟಿಸಿದರೆ, ಎರಡು ಮೂರು ಫ್ಲ್ಯಾಶ್ ಒಟ್ಟಿಗೆ ಇಟ್ಟರೆ ಕಾಗದದ ಲೆಕ್ಕ ಕೈಕೊಡುತ್ತದೆ. ಸುಣ್ಣ ಬಳಿದ ಚಿಕ್ಕ ಕೋಣೆಯಲ್ಲಿ ಸರಿಬಂದ ಲೆಕ್ಕ ಬಯಲಿನ ಚಪ್ಪರದಡಿ ಸರಿಬರುವುದಿಲ್ಲ. ಅಲ್ಲಿ ಅಳೆಯದೆ ಗತಿಯಿಲ್ಲ.

ಬೀಳುವ ಬೆಳಕೋ, ಪುಟಿಯುವ ಬೆಳಕೋ?

ಬೆಳಕನ್ನು ಅಳೆಯಲು ಎರಡು ದಾರಿಗಳಿವೆ. ಕ್ಯಾಮೆರಾ ಇರುವ ಕಡೆಯಿಂದ ನೋಡಿ, ವಸ್ತುವಿನಿಂದ ಪುಟಿದು ಬರುವ ಬೆಳಕನ್ನು ಅಳೆಯುವುದು ಮೊದಲನೆಯದು. ನಿಮ್ಮ ಫೋನು, ಕ್ಯಾಮೆರಾ ಮಾಡುವುದು ಇದನ್ನೇ. ವಸ್ತುವಿನ ಹತ್ತಿರವೇ ಹೋಗಿ, ಅದರ ಮೇಲೆ ಬೀಳುವ ಬೆಳಕನ್ನು ಅಳೆಯುವುದು ಎರಡನೆಯದು.

ಮೊದಲ ದಾರಿಯಲ್ಲಿ ಒಂದು ಊಹೆ ಅಡಗಿದೆ. ಎದುರಿಗೆ ಇರುವುದೆಲ್ಲ ಸರಾಸರಿ ಬೂದು ಬಣ್ಣದ್ದು, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 18%ರಷ್ಟನ್ನು ಪುಟಿಸುತ್ತದೆ ಎಂದು ಮೀಟರ್ ನಂಬಿಕೊಂಡಿರುತ್ತದೆ. ಈಗ ಬಿಳಿ ಪಂಚೆ, ಬಿಳಿ ಶಲ್ಯದ ವರನನ್ನು ನಿಲ್ಲಿಸಿ. ಬಿಳಿ ಬಟ್ಟೆ 80%ರಷ್ಟು ಬೆಳಕನ್ನು ಪುಟಿಸುತ್ತದೆ ಎಂದಿಟ್ಟುಕೊಳ್ಳೋಣ. ಚೌಕಟ್ಟಿನ ತುಂಬ ಆ ಬಟ್ಟೆಯೇ ಇದ್ದರೆ, ಊಹಿಸಿದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಬೆಳಕು ಬಂತಲ್ಲ ಎಂದು ಮೀಟರ್ ಗಾಬರಿಯಾಗುತ್ತದೆ. ಎಲ್ಲವನ್ನೂ ಸುಮಾರು ಎರಡು ಸ್ಟಾಪ್, ಅಂದರೆ ಕಾಲು ಭಾಗಕ್ಕೆ ತಗ್ಗಿಸುತ್ತದೆ. ಪಂಚೆ ಬೂದು ಬಣ್ಣಕ್ಕೆ ಬರುತ್ತದೆ. ವರನ ಮುಖ ಕತ್ತಲಾಗುತ್ತದೆ. ಮೊದಲೇ ಕೃಷ್ಣವರ್ಣದ ಮುಖವಾದರೆ ಕಣ್ಣು, ಮೂಗಿನ ಗುರುತೂ ಸಿಗದಷ್ಟು.

ಆಮೇಲೆ ಆಲ್ಬಂ ನೋಡಿದವರು "ಹುಡುಗ ಕಪ್ಪು" ಎನ್ನುತ್ತಾರೆ. ತಪ್ಪು ಹುಡುಗನದಲ್ಲ, ಅಳತೆಯದು. ಕರಿ ಹಿನ್ನೆಲೆ, ಕರಿ ಸೂಟು ಇದ್ದರೆ ಇದೇ ತಪ್ಪು ತಿರುಗಿ ಬೀಳುತ್ತದೆ. ಆಗ ಮುಖಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತವೆ. ಕ್ಯಾಮೆರಾ ಬೇಕೆಂದು ಸುಳ್ಳು ಹೇಳುವುದಿಲ್ಲ, ಊಹೆ ಮಾಡುತ್ತದೆ. ಊಹೆ ತಪ್ಪಿದಾಗ ಅದರ ಪೆಟ್ಟು ಹೆಚ್ಚು ಬೀಳುವುದು ಕಪ್ಪು ಮೈಬಣ್ಣದವರ ಮೇಲೆ.

ಎರಡನೇ ದಾರಿಯನ್ನು ಸುಲಭ ಮಾಡಿದವರು ಹಾಲಿವುಡ್‌ನ ಕ್ಯಾಮೆರಾಮನ್ ಡಾನ್ ನಾರ್‌ವುಡ್. ಮೀಟರಿನ ಕಣ್ಣಿನ ಮೇಲೆ ಪಿಂಗ್‌ಪಾಂಗ್ ಚೆಂಡನ್ನು ಅರ್ಧ ಕತ್ತರಿಸಿ ಕೂರಿಸಿದಂಥ ಬಿಳಿ ಗುಮ್ಮಟ ಅವರ ಉಪಾಯ. ಅಮೆರಿಕದಲ್ಲಿ ಅವರಿಗೆ 1940ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಮನುಷ್ಯನ ಮುಖ ಚಪ್ಪಟೆಯಲ್ಲ, ಉಬ್ಬು. ಎದುರಿನಿಂದ, ಪಕ್ಕದಿಂದ, ಮೇಲಿನಿಂದ ಬೆಳಕು ಬೀಳುತ್ತದೆ. ಗುಮ್ಮಟವೂ ಹಾಗೆಯೇ ಎಲ್ಲ ಕಡೆಯ ಬೆಳಕನ್ನು ಒಟ್ಟುಗೂಡಿಸುತ್ತದೆ. 1951ರಲ್ಲಿ ಶುರುವಾದ ಜಪಾನಿನ ಸೆಕೋನಿಕ್ ಕಂಪನಿ ಮುಂದೆ ಇದೇ ವಿನ್ಯಾಸವನ್ನು ಜಗತ್ತಿನ ತುಂಬ ಹರಡಿತು.

ಇದನ್ನು ಮಳೆಮಾಪಕಕ್ಕೆ ಹೋಲಿಸಬಹುದು. ಊರಿನಲ್ಲಿ ಎಷ್ಟು ಮಳೆಯಾಯಿತು ಎಂದು ತಿಳಿಯಲು ಮಾಪಕವನ್ನು ಮಳೆ ಬೀಳುವಲ್ಲೇ ಇಡುತ್ತೇವೆ. ಜಗುಲಿಯ ಕಲ್ಲಿನಿಂದ ಎಷ್ಟು ಹನಿ ಸಿಡಿಯಿತು ಎಂದು ನೋಡಿ ಹೇಳುವುದಿಲ್ಲ.

ಸಿನಿಮಾದವರಿಗೆ ಈ ಗುಮ್ಮಟದ ಮೀಟರ್ ಸಾಕಾಗಿತ್ತು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲಿ ಸಿನಿಮಾಟೋಗ್ರಫಿ ಕಲಿತ ವಿ.ಕೆ. ಮೂರ್ತಿ ಅವರು 1959ರ 'ಕಾಗಜ್ ಕೆ ಫೂಲ್' ಚಿತ್ರದ ನೆರಳು ಬೆಳಕಿಗೆ ಹೆಸರಾದರು. ಮುಂದೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದರು. ಸಿನಿಮಾ ಸೆಟ್ಟಿನ ದೀಪಗಳು ಶಾಟ್ ಮುಗಿಯುವವರೆಗೆ ಉರಿಯುತ್ತಲೇ ಇರುತ್ತವೆ. ಸ್ಟಿಲ್ ಫೋಟೋಗ್ರಾಫರನ ಫ್ಲ್ಯಾಶ್ ಮಾತ್ರ ಅಳೆಯುವ ಮೊದಲೇ ಮಾಯ.

ಮುಳ್ಳು ಸೋತಲ್ಲಿ ಸಿಲಿಕಾನ್

1930ರ ದಶಕದಲ್ಲಿ ಅಮೆರಿಕದ ವೆಸ್ಟನ್ ಕಂಪನಿಯ ಮೀಟರ್‌ಗಳು ಹೆಸರು ಮಾಡಿದವು. ಅವುಗಳಲ್ಲಿದ್ದದ್ದು ಸೆಲೆನಿಯಂ. ಬೆಳಕು ಬಿದ್ದರೆ ಸೆಲೆನಿಯಂ ಕೋಶ ತಾನೇ ಸ್ವಲ್ಪ ವಿದ್ಯುತ್ ಹುಟ್ಟಿಸುತ್ತದೆ. ಬ್ಯಾಟರಿ ಬೇಡ. ಆ ವಿದ್ಯುತ್ತಿಗೆ ಮುಳ್ಳು ಅಲುಗಾಡುತ್ತದೆ. ಆದರೆ ಮುಳ್ಳಿಗೆ ತೂಕವಿದೆ. ಫ್ಲ್ಯಾಶ್ ಮಿಂಚಿ ಮಾಯವಾಗುವಷ್ಟರಲ್ಲಿ ಅದು ಸರಿಯಾದ ಜಾಗಕ್ಕೆ ತಲುಪುವುದಿಲ್ಲ.

ನಂತರ ಕ್ಯಾಡ್ಮಿಯಂ ಸಲ್ಫೈಡ್ ಮೀಟರ್‌ಗಳು ಬಂದವು. ಮಂದ ಬೆಳಕಿನಲ್ಲಿ ಇವು ಸೆಲೆನಿಯಂಗಿಂತ ಚುರುಕು. ಆದರೆ ಇವುಗಳ ಪ್ರತಿಕ್ರಿಯೆ ನಿಧಾನ. ಪ್ರಖರ ಬೆಳಕು ನೋಡಿದ ಮೇಲೆ ಸ್ವಲ್ಪ ಹೊತ್ತು ಅದರ ಗುಂಗಿನಲ್ಲೇ ಇರುತ್ತವೆ. ಬಿಸಿಲಿನಿಂದ ಒಳಗೆ ಬಂದಾಗ ನಮ್ಮ ಕಣ್ಣು ಮಂಜಾಗುವ ಹಾಗೆ.

ದಾರಿ ತೆರೆದದ್ದು ಸಿಲಿಕಾನ್ ಫೋಟೋಡಯೋಡ್. ಇದು ಸೆಕೆಂಡಿನ ಲಕ್ಷದ ಒಂದು ಭಾಗದಲ್ಲಾಗುವ ಬದಲಾವಣೆಯನ್ನೂ ಹಿಡಿಯಬಲ್ಲದು. ಅದರ ಜೊತೆಗೆ ಒಂದು ಕೆಪಾಸಿಟರ್ ಇರುತ್ತದೆ. ಮಳೆಮಾಪಕದ ಪಾತ್ರೆ ಇದೇ. ಬೆಳಕು ಬಿದ್ದಷ್ಟೂ ವಿದ್ಯುತ್ ಈ ಪಾತ್ರೆಗೆ ತುಂಬಿಕೊಳ್ಳುತ್ತದೆ. ಮಿಂಚು ಮುಗಿದ ಮೇಲೆ ಪಾತ್ರೆಯಲ್ಲಿ ಎಷ್ಟು ಸಂಗ್ರಹವಾಗಿದೆ ಎಂದು ಮೀಟರ್ ನಿಧಾನವಾಗಿ ಓದಿ, ಆ ಅಂಕಿಯನ್ನು ಹಿಡಿದಿಟ್ಟು ತೋರಿಸುತ್ತದೆ. ಹೊಸತನ ಇರುವುದು ಇಲ್ಲೇ: ಬೆಳಕಿನ ವೇಗಕ್ಕೆ ಮುಳ್ಳನ್ನು ಓಡಿಸುವುದಲ್ಲ, ಬಿದ್ದ ಬೆಳಕನ್ನು ಕೂಡಿಟ್ಟುಕೊಂಡು ಆಮೇಲೆ ಓದುವುದು.

1970 ಮತ್ತು 80ರ ದಶಕಗಳಲ್ಲಿ ಇಂಥ ಮೀಟರ್‌ಗಳು ಸ್ಟುಡಿಯೋಗಳಿಗೆ ಹೊಕ್ಕವು. ಜಪಾನಿನ ಮಿನೋಲ್ಟಾ ಮತ್ತು ಸೆಕೋನಿಕ್, ಜರ್ಮನಿಯ ಗೋಸೆನ್ ಈ ಕ್ಷೇತ್ರದ ದೊಡ್ಡ ಹೆಸರುಗಳು. ಮುಳ್ಳಿನ ಜಾಗಕ್ಕೆ ಅಂಕಿ ತೋರಿಸುವ ಪರದೆ ಬಂತು. ಫ್ಲ್ಯಾಶ್ ಬೆಳಕನ್ನೂ ಸುತ್ತಲಿನ ಬೆಳಕನ್ನೂ ಒಟ್ಟಿಗೆ ಅಳೆಯುವುದು, ಒಂದೇ ಫೋಟೋಗೆ ಹಲವು ಸಲ ಮಿಂಚಿಸಿದರೆ ಎಲ್ಲವನ್ನೂ ಕೂಡಿಸುವುದು, ಒಟ್ಟು ಬೆಳಕಿನಲ್ಲಿ ಫ್ಲ್ಯಾಶ್‌ನ ಪಾಲು ಶೇಕಡಾ ಎಷ್ಟು ಎಂದು ಹೇಳುವುದು, ಇವೆಲ್ಲ ಒಂದೊಂದಾಗಿ ಸೇರಿಕೊಂಡವು.

ಬಳಸುವುದು ಕಷ್ಟವಲ್ಲ. ಐಎಸ್‌ಒ ಮತ್ತು ಶಟರ್ ವೇಗವನ್ನು ಮೀಟರಿಗೆ ಹೇಳಬೇಕು. ವ್ಯಕ್ತಿಯ ಮುಖದ ಪಕ್ಕ ಹಿಡಿದು ಗುಮ್ಮಟವನ್ನು ಕ್ಯಾಮೆರಾ ಕಡೆಗೆ ತಿರುಗಿಸಬೇಕು. ಗುಂಡಿ ಒತ್ತಿ ಫ್ಲ್ಯಾಶ್ ಹೊಡೆಯಬೇಕು. ಎಫ್ 8 ಎಂದು ತೋರಿಸಿದರೆ ಕ್ಯಾಮೆರಾದಲ್ಲಿ ಎಫ್ 8 ಇಟ್ಟರಾಯಿತು. ಆರತಕ್ಷತೆಯ ವೇದಿಕೆಯಲ್ಲಿ ಎಡತುದಿ, ನಡು, ಬಲತುದಿ ಮೂರು ಕಡೆ ಹೀಗೆ ಅಳೆದರೆ, ಸಾಲಿನ ಕೊನೆಯಲ್ಲಿ ನಿಂತ ಅಜ್ಜಿಯ ಮುಖ ಕತ್ತಲಲ್ಲಿ ಉಳಿಯುವುದೋ ಇಲ್ಲವೋ ಎಂದು ಮೊದಲೇ ಗೊತ್ತಾಗುತ್ತದೆ.

ಮಾರ್ಕೋನಹಳ್ಳಿಯ ಸೈಫನ್ ಮತ್ತು ಆಟೋ ಫ್ಲ್ಯಾಶ್

"ಫ್ಲ್ಯಾಶ್‌ಗಳೇ ಈಗ ಆಟೋಮ್ಯಾಟಿಕ್ ಅಲ್ಲವೇ, ಮೀಟರ್ ಯಾಕೆ?" ಎಂದು ಕೇಳಬಹುದು. ಸರಿಯಾದ ಪ್ರಶ್ನೆ.

ಮೈಸೂರು ಸಂಸ್ಥಾನದ ಕಾಲದ ಮಾರ್ಕೋನಹಳ್ಳಿ ಜಲಾಶಯ ಸ್ವಯಂಚಾಲಿತ ಸೈಫನ್‌ಗೆ ಹೆಸರುವಾಸಿ. ನೀರು ಒಂದು ಮಟ್ಟ ಮುಟ್ಟಿದರೆ ಸೈಫನ್ ತಾನಾಗಿ ಶುರುವಾಗಿ ಹೆಚ್ಚಿನ ನೀರನ್ನು ಹೊರಗೆ ಹಾಕುತ್ತದೆ. ಮಟ್ಟ ಇಳಿದು ಒಳಗೆ ಗಾಳಿ ಹೊಕ್ಕರೆ ತಾನಾಗಿ ನಿಲ್ಲುತ್ತದೆ. ಗೇಟು ತಿರುಗಿಸಲು ಯಾರೂ ಬೇಡ.

1960ರ ದಶಕದಲ್ಲಿ ಬಂದ ಆಟೋ ಫ್ಲ್ಯಾಶ್‌ನ ಜಾಣತನವೂ ಇದೇ ಬಗೆಯದು. ಫ್ಲ್ಯಾಶ್‌ನ ಮುಂಭಾಗದ ಪುಟ್ಟ ಕಣ್ಣು ಪುಟಿದು ಬರುವ ಬೆಳಕನ್ನು ಕೂಡಿಸುತ್ತಾ ಹೋಗುತ್ತದೆ. ನಿಗದಿಯಾದ ಮಟ್ಟ ಮುಟ್ಟಿದ ಕೂಡಲೇ ಮಿಂಚನ್ನು ನಡುವೆಯೇ ಕತ್ತರಿಸುತ್ತದೆ. 1975ರಲ್ಲಿ ಬಂದ ಒಲಿಂಪಸ್ ಒಎಂ-2 ಕ್ಯಾಮೆರಾ ಲೆನ್ಸಿನ ಮೂಲಕ ಒಳಗೆ ಬಂದು ಫಿಲ್ಮಿಗೆ ತಾಗಿ ಪುಟಿದ ಬೆಳಕನ್ನೇ ಅಳೆಯಲು ಶುರುಮಾಡಿತು.

ಆದರೆ ಒಂದು ವ್ಯತ್ಯಾಸ ಮರೆಯಬಾರದು. ಸೈಫನ್ ನಿಜವಾದ ನೀರಿನ ಮಟ್ಟಕ್ಕೆ ಸ್ಪಂದಿಸುತ್ತದೆ. ಆಟೋ ಫ್ಲ್ಯಾಶ್ ಸ್ಪಂದಿಸುವುದು ಪುಟಿದ ಬೆಳಕಿಗೆ. ಬಿಳಿ ಪಂಚೆಯಿಂದ ಬೆಳಕು ಬೇಗ ಬೇಗ ಪುಟಿದು ಬಂದರೆ "ಸಾಕು" ಎಂದುಕೊಂಡು ಮಿಂಚನ್ನು ಬೇಗ ನಿಲ್ಲಿಸುತ್ತದೆ. ಮತ್ತೆ ಮುಖ ಕತ್ತಲು. ಆಟೋ ಆದರೂ ಹಳೆಯ ಊಹೆ ಹೋಗಲಿಲ್ಲ. ಸ್ಟುಡಿಯೋದವರು ಕೈಮೀಟರ್ ಬಿಡದಿರಲು ಇದೂ ಒಂದು ಕಾರಣ.

ಡಿಜಿಟಲ್ ಬಂದ ಮೇಲೆ

ರೀಲಿನ ಕಾಲದಲ್ಲೂ ದೊಡ್ಡ ಸ್ಟುಡಿಯೋಗಳು ಮೊದಲು ಪೋಲರಾಯ್ಡ್ ಹಾಳೆಯಲ್ಲಿ ಒಂದು ಫೋಟೋ ತೆಗೆದು ಪರೀಕ್ಷಿಸುತ್ತಿದ್ದವು. ಡಿಜಿಟಲ್ ಕ್ಯಾಮೆರಾ ಆ ಪರೀಕ್ಷೆಯನ್ನು ಪುಕ್ಕಟೆ ಮಾಡಿತು. ಮೀಟರ್ ಮಾರುಕಟ್ಟೆ ಕುಗ್ಗಿತು. 2006ರಲ್ಲಿ ಕೊನಿಕಾ ಮಿನೋಲ್ಟಾ ಕ್ಯಾಮೆರಾ ವ್ಯವಹಾರದಿಂದಲೇ ಹೊರನಡೆಯಿತು. ಅದರ ಕೆಲವು ಮೀಟರ್‌ಗಳನ್ನು ಕೆಂಕೋ ಕಂಪನಿ ಮುಂದುವರಿಸಿತು. ಸೆಕೋನಿಕ್ ಮಾತ್ರ ಹೊಸ ಮಾದರಿಗಳನ್ನು ತರುತ್ತಲೇ ಇತ್ತು. 2016ರಲ್ಲಿ ಬಂದ ಎಲ್-858ಡಿ, ಫ್ಲ್ಯಾಶ್ ಎಷ್ಟು ಹೊತ್ತು ಮಿಂಚಿತು ಎಂಬುದನ್ನೂ ಅಳೆಯುತ್ತದೆ.

ಪರದೆ ನೋಡಿಕೊಂಡರೆ ಸಾಲದೇ? ಎಷ್ಟೋ ಸಲ ಸಾಕು. ಆದರೆ ಕತ್ತಲ ಛತ್ರದಲ್ಲಿ ಪರದೆ ಕಣ್ಣಿಗೆ ಹೊಳೆಯುತ್ತದೆ, ಕಪ್ಪು ಫೋಟೋ ಕೂಡ ಚೆನ್ನಾಗಿದೆ ಎನಿಸುತ್ತದೆ. ಬಿಸಿಲಿನಲ್ಲಿ ಅದೇ ಪರದೆ ಮಂಕು. ಹಾಗಾಗಿ ಪರದೆಗಿಂತ ಹಿಸ್ಟೋಗ್ರಾಂ ನೋಡುವುದು ಲೇಸು.

ಫೋನಿನ ಆಪ್ ಏನನ್ನು ಅಳೆಯುತ್ತದೆ?

ಉಚಿತ ಆಪ್‌ಗಳಲ್ಲಿ ಎರಡು ಬಗೆ. ಒಂದು, ಮುಂದಿನ ಕ್ಯಾಮೆರಾ ಹತ್ತಿರ ಇರುವ ಬೆಳಕಿನ ಸೆನ್ಸರ್ ಬಳಸುತ್ತದೆ. ಆ ಸೆನ್ಸರ್ ಇರುವುದು ಪರದೆಯ ಪ್ರಕಾಶ ಹೆಚ್ಚು ಕಡಿಮೆ ಮಾಡಲು. ಅದಕ್ಕೆ ಫ್ಲ್ಯಾಶ್ ಹಿಡಿಯುವ ವೇಗವೂ ಇಲ್ಲ, ಗುಮ್ಮಟವೂ ಇಲ್ಲ. ಇನ್ನೊಂದು ಬಗೆ ಕ್ಯಾಮೆರಾದಿಂದಲೇ ಅಳೆಯುತ್ತದೆ, ಅಂದರೆ ಪುಟಿದ ಬೆಳಕು, ಅದೇ ಊಹೆ. ಹೊರಗಿನ ಸ್ಟುಡಿಯೋ ಫ್ಲ್ಯಾಶ್ ಮಿಂಚಿದರೆ ಅದು ಯಾವುದೋ ಒಂದು ಫ್ರೇಮಿನಲ್ಲಿ ಬಿಳಿ ಪಟ್ಟಿಯಾಗಿ ಕಂಡು ಹೋಗುತ್ತದೆ.

ಬಿಸಿಲು, ಟ್ಯೂಬ್‌ಲೈಟ್ ಅಳೆಯಲು ಈ ಆಪ್‌ಗಳು ತಕ್ಕಮಟ್ಟಿಗೆ ಉಪಯೋಗಕ್ಕೆ ಬರುತ್ತವೆ. ಹಳೆಯ ರೀಲ್ ಕ್ಯಾಮೆರಾ ಬಳಸುವವರಿಗೆ ನೆರವಾಗುತ್ತವೆ. ಫ್ಲ್ಯಾಶ್ ಅಳೆಯಲು ಮಾತ್ರ ಬೇರೆಯೇ ಸೆನ್ಸರ್ ಬೇಕು. ಸ್ಲೊವೇನಿಯಾದ ಲ್ಯೂಮು ಕಂಪನಿ ಐಫೋನಿಗೆ ಸಿಕ್ಕಿಸುವ ಗುಮ್ಮಟದ ಸೆನ್ಸರ್ ತಯಾರಿಸಿದ್ದು ಇದಕ್ಕೇ. ಆಗ ಅಳೆಯುವುದು ಆ ಗುಮ್ಮಟ, ಫೋನು ಬರೀ ಪರದೆ.

ಇನ್ನೊಂದು ಮಾತು: ಇಂದಿನ ಹೆಚ್ಚಿನ ಫೋನುಗಳಲ್ಲಿ ನಾವು ಫ್ಲ್ಯಾಶ್ ಎನ್ನುವುದು ಎಲ್‌ಇಡಿ ಟಾರ್ಚ್. ಅದರ ಬೆಳಕು ಸ್ಟುಡಿಯೋ ಫ್ಲ್ಯಾಶ್‌ನಷ್ಟು ಚುಟುಕೂ ಅಲ್ಲ, ಅಷ್ಟು ಬಲವೂ ಇಲ್ಲ.

ಮೀಟರ್ ಇಲ್ಲದವರು ಏನು ಮಾಡಬಹುದು?

• ಫೋನಿನಲ್ಲಿ ಮೊದಲು ಮುಖದ ಮೇಲೆ ಬೆರಳಿಟ್ಟು ಒತ್ತಿ. ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದು ಮುಖ ಸರಿಯಾಗಿ ಕಾಣುವಂತೆ ಮಾಡಿ. ಬಟ್ಟೆ ಸ್ವಲ್ಪ ಹೆಚ್ಚು ಬೆಳಗಾದರೂ ಚಿಂತೆಯಿಲ್ಲ, ಮುಖ ಮುಖ್ಯ.

• ದೊಡ್ಡ ಕ್ಯಾಮೆರಾ ಇದ್ದರೆ 18% ಬೂದು ಕಾರ್ಡು ಕೊಂಡುಕೊಳ್ಳಿ. ಮುಖದ ಜಾಗದಲ್ಲಿ ಅದನ್ನು ಹಿಡಿದು ಅಳೆದರೆ ಬಿಳಿ ಪಂಚೆ, ಕರಿ ಕೋಟಿನ ಗೊಂದಲ ತಪ್ಪುತ್ತದೆ.

• ಫ್ಲ್ಯಾಶ್ ಬಳಸುವಾಗ ದೂರ ಬದಲಾದರೆ ಲೆಕ್ಕವೂ ಬದಲಾಗುತ್ತದೆ ಎಂಬುದು ನೆನಪಿರಲಿ. ಎರಡು ಸಾಲು ಜನರಿದ್ದರೆ ಫ್ಲ್ಯಾಶ್ ಅನ್ನು ಸ್ವಲ್ಪ ಹಿಂದೆ, ಎತ್ತರದಲ್ಲಿ ಇಡಿ. ಆಗ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಬೆಳಕಿನ ಅಂತರ ಕಡಿಮೆಯಾಗುತ್ತದೆ.

• ಸಂಜೆಗತ್ತಲಲ್ಲಿ ಕೆರೆ, ಅಣೆಕಟ್ಟೆ, ದೇವಸ್ಥಾನದ ಗೋಪುರ ತೆಗೆಯುವಾಗ ಫ್ಲ್ಯಾಶ್ ಆಫ್ ಮಾಡಿ. ಫೋನನ್ನು ಅಲುಗಾಡದಂತೆ ಎಲ್ಲಾದರೂ ಒರಗಿಸಿ ನೈಟ್ ಮೋಡ್ ಬಳಸಿ. ಫೋಟೋಗಾಗಿ ಹರಿಯುವ ನೀರಿನ ಹತ್ತಿರ ಮಾತ್ರ ಇಳಿಯಬೇಡಿ.

ಹೇಳಿಕೆ ಮತ್ತು ವಾಸ್ತವ

ಹೇಳಿಕೆ 1: ಉಚಿತ ಆಪ್ ಇದ್ದರೆ ಫ್ಲ್ಯಾಶ್ ಮೀಟರ್ ಬೇಡ. ವಾಸ್ತವ: ತಪ್ಪು. ನಿಂತ ಬೆಳಕಿಗೆ ಆಪ್ ನಡೆದೀತು, ಹೊರಗಿನ ಫ್ಲ್ಯಾಶ್‌ಗೆ ನಡೆಯದು.

ಹೇಳಿಕೆ 2: ಫ್ಲ್ಯಾಶ್ ಎಷ್ಟು ದೂರವಾದರೂ ಮುಟ್ಟುತ್ತದೆ. ವಾಸ್ತವ: ತಪ್ಪು. ದೂರ ಹತ್ತು ಪಟ್ಟಾದರೆ ಬೆಳಕು ನೂರರ ಒಂದು ಭಾಗ.

ಹೇಳಿಕೆ 3: ಫೋಟೋದಲ್ಲಿ ಕಂಡದ್ದೇ ಮುಖದ ನಿಜ ಬಣ್ಣ. ವಾಸ್ತವ: ತಪ್ಪು. ಒಂದೇ ಮುಖ, ಒಂದೇ ಬೆಳಕು ಇದ್ದರೂ ಬಟ್ಟೆ ಬದಲಾದರೆ ಸಾಕು, ಆಟೋ ಕ್ಯಾಮೆರಾ ಬೇರೆ ಬೇರೆ ಮುಖ ತೋರಿಸಬಲ್ಲದು.

ಹೆಣ್ಣು ಗಂಡು ನೋಡುವ ಶಾಸ್ತ್ರಕ್ಕೆ ಮೊದಲೇ ಫೋಟೋಗಳು ವಾಟ್ಸಾಪಿನಲ್ಲಿ ಮನೆಮನೆ ಸುತ್ತುವ ಕಾಲ ಇದು. ಒಂದು ಫೋಟೋ ನೋಡಿ ಯಾರದೇ ಮೈಬಣ್ಣದ ಬಗ್ಗೆ ತೀರ್ಮಾನ ಕೊಡುವ ಮೊದಲು, ಆ ಫೋಟೋಗೆ ಬೆಳಕನ್ನು ಯಾರಾದರೂ ಅಳೆದಿದ್ದರೇ ಎಂದು ಒಮ್ಮೆ ಯೋಚಿಸಿ. ಈ ಲೇಖನವನ್ನು ಫಾರ್ವರ್ಡ್ ಮಾಡುವುದಾದರೆ ಅಂಥ ಗುಂಪಿಗೇ ಮೊದಲು ಕಳಿಸಿ.